ಇಸ್ಲಾಮಿಕ್ ದೇಶಗಳ ಇತಿಹಾಸ, ರಾಜಕೀಯ ಓದಲು ಮೊದಲು ಶರಿಯತ್ ಓದಬೇಕಾ? ಭಾಷೆ ಬರದಿದ್ದರೂ ಇಂಗ್ಲಿಷ್ ಪುಸ್ತಕಗಳು ಸಾಕಾ?

ಕಲಬುರಗಿಯಲ್ಲಿ ಬಿ.ಎ. ಮುಗಿಸಿದ್ದೇನೆ, ಎಂ.ಎ.ಗೆ ದೆಹಲಿಗೆ ಹೋಗುತ್ತೇನೆ, ಭಾಷೆ ಆಮೇಲೆ ಕಲಿತರಾಯ್ತು ಅಂದುಕೊಂಡಿದ್ದೇನೆ ಅಂತ ಬರೆದಿದ್ದೀರಿ. ಆ ಕೊನೆಯ ಮಾತು ಓದಿ ಎದೆ ಧಸಕ್ ಅಂತು. ಹನ್ನೆರಡು ವರ್ಷದ ಹಿಂದೆ ಬೀದರ್‌ನಿಂದ ದೆಹಲಿಗೆ ಹೊರಟಾಗ ನಾನೂ ಅದನ್ನೇ ಅಂದುಕೊಂಡಿದ್ದೆ.

ನಮ್ಮ ಮನೆಯಿಂದ ಮಹಮೂದ್ ಗವಾನನ ಮದರಸಕ್ಕೆ ಹತ್ತು ನಿಮಿಷದ ದಾರಿ. 1472ರ ಕಟ್ಟಡ ಅದು. ಗವಾನ್ ಇರಾನಿನ ಗಿಲಾನ್ ಕಡೆಯವನು, ಬಹಮನಿ ಸುಲ್ತಾನರ ಮಂತ್ರಿ. ಗೋಡೆಯಲ್ಲಿ ಉಳಿದಿರುವ ಆ ನೀಲಿ ಟೈಲ್ಸ್ ನೋಡುತ್ತಾ ಬೆಳೆದ ನನಗೆ ಇರಾನಿನ ಮೇಲೆ ಮನಸ್ಸು ಹೋಯಿತು. ಎಂ.ಫಿಲ್.ಗೆ ಇರಾನಿನ ಸಂವಿಧಾನ ಚಳವಳಿಯನ್ನೇ ಆರಿಸಿಕೊಂಡೆ.

ಎಂಥ ಕಥೆ ಗೊತ್ತಾ ಅದು! 1905ರ ಡಿಸೆಂಬರ್‌ನಲ್ಲಿ ಸಕ್ಕರೆ ಬೆಲೆ ಏರಿಸಿದರು ಅಂತ ಟೆಹರಾನಿನ ಗವರ್ನರ್ ಕೆಲವು ವರ್ತಕರ ಅಂಗಾಲಿಗೆ ಹೊಡೆಸಿದ. ಬಜಾರ್ ಬಾಗಿಲು ಹಾಕಿತು. ಮುಲ್ಲಾಗಳು ವರ್ತಕರ ಜೊತೆ ನಿಂತರು. ಮುಂದಿನ ಬೇಸಿಗೆಯಲ್ಲಿ ಹನ್ನೆರಡು ಸಾವಿರಕ್ಕೂ ಜಾಸ್ತಿ ಜನ ಬ್ರಿಟಿಷ್ ರಾಯಭಾರ ಕಚೇರಿಯ ತೋಟದಲ್ಲಿ ಡೇರೆ ಹಾಕಿ ಕೂತರು. 1906ರ ಆಗಸ್ಟ್‌ನಲ್ಲಿ ಇರಾನಿನ ರಾಜ ಮುಜಫ್ಫರುದ್ದೀನ್ ಷಾ ಜನ ಕೇಳಿದ ಸಂಸತ್ತಿಗೆ ಮಣಿದ. ಅಕ್ಟೋಬರ್‌ನಲ್ಲಿ ಮಜ್ಲಿಸ್, ಅಂದರೆ ಆ ಸಂಸತ್ತು, ಸೇರಿತು. ಡಿಸೆಂಬರ್ 30ಕ್ಕೆ ಸಂವಿಧಾನಕ್ಕೆ ಸಹಿ ಬಿತ್ತು. ಸಹಿ ಹಾಕಿದ ಕೆಲವೇ ದಿನಕ್ಕೆ ಷಾ ತೀರಿಕೊಂಡ.

ನನ್ನ ಗೈಡ್ ಮೊದಲ ವಾರವೇ ಹೇಳಿದ್ದರು, ಇರಾನಿನ ಭಾಷೆ ಫಾರ್ಸಿ, ಸಂಜೆ ಅದರ ಕ್ಲಾಸಿಗೆ ಸೇರಿಕೋ ಅಂತ. ಫೀಸ್ ಕೂಡ ಇರಲಿಲ್ಲ. ಲೈಬ್ರರಿಯಲ್ಲಿ ಇಂಗ್ಲಿಷ್ ಪುಸ್ತಕಗಳು ಕಪಾಟು ತುಂಬಾ ಇದ್ದವು, ಅವನ್ನು ಮುಗಿಸಿ ಆಮೇಲೆ ಭಾಷೆ ಅಂತ ಮುಂದೂಡಿದೆ. ನನ್ನನ್ನು ಕೆಡಿಸಿದ್ದು ಇದೊಂದೇ ತಪ್ಪು. ಹೇಗೆ ಕೆಡಿಸಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಆ ಕಾಲದ ಇರಾನಿನಲ್ಲಿ ಎರಡು ಪದಗಳು ಬೀದಿಬೀದಿಯಲ್ಲಿ ಓಡಾಡುತ್ತಿದ್ದವು. ಒಂದು 'ಮಶ್ರೂತೆ', ಇನ್ನೊಂದು 'ಮಶ್ರೂಎ'. ಇಂಗ್ಲಿಷ್ ಪುಸ್ತಕಗಳಲ್ಲಿ ಇವೆರಡರ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಒಂದರಲ್ಲಿ 'ತ', ಇನ್ನೊಂದರಲ್ಲಿ ಅದೇ ಜಾಗದಲ್ಲಿ ಮೇಲ್ಗಡೆ ಒಂದು ಪುಟ್ಟ ಕೊಂಕು ಗುರುತು. ಇರಾನಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಇದೂ ಹಾಗೇ ಇರಬೇಕು ಅಂದುಕೊಂಡೆ. ನೋಟ್ಸ್ ಮಾಡುವಾಗ ಕೊಂಕು ಬಿಟ್ಟೆ. ಎರಡನ್ನೂ ಒಂದೇ ಪದ ಅಂತ ಒಂದೇ ಕಟ್ಟಿಗೆ ಸೇರಿಸಿದೆ. ಆ ಕಟ್ಟಿನ ಮೇಲೆ ಅರವತ್ತು ಪುಟದ ಅಧ್ಯಾಯ ಬರೆದೆ. ಚಳವಳಿಗಾರರು ಮೊದಲಿನಿಂದಲೂ ಶರಿಯತ್ತಿನ ಆಡಳಿತವನ್ನೇ ಕೇಳುತ್ತಿದ್ದರು, ಷಾನನ್ನು ಇಳಿಸಿ ಧರ್ಮಗುರುಗಳನ್ನು ಅಧಿಕಾರಕ್ಕೆ ತಂದ 1979ರ ಕ್ರಾಂತಿ ಅದರ ಮುಂದುವರಿಕೆ ಅಷ್ಟೇ ಅಂತ ಅದರಲ್ಲಿ ಸಾಧಿಸಿದ್ದೆ.

ಪ್ರಬಂಧ ಸಲ್ಲಿಸುವ ಮೊದಲಿನ ಸೆಮಿನಾರ್‌ನಲ್ಲಿ ಹಿರಿಯ ಪ್ರೊಫೆಸರ್ ಒಬ್ಬರು ಎದ್ದು ಬಂದು ಬೋರ್ಡ್ ಮೇಲೆ ಎರಡೂ ಪದಗಳನ್ನು ಫಾರ್ಸಿಯಲ್ಲಿ ಬರೆದರು. ಒಂದರಲ್ಲಿ ತೋಯ್ ಅಕ್ಷರ, ಇನ್ನೊಂದರಲ್ಲಿ ಐನ್. ಮೊದಲನೆಯದರ ಬೇರು 'ಶರ್ತ್'. ನಾವು ದಿನಾ ಬಳಸುವ ಷರತ್ತು ಇದೆಯಲ್ಲ, ಅದೇ. ರಾಜನ ಅಧಿಕಾರಕ್ಕೆ ಷರತ್ತು ಹಾಕಿದ ಆಡಳಿತ ಮಶ್ರೂತೆ. ಎರಡನೆಯದರ ಬೇರು 'ಶರಾ', ಶರಿಯತ್ ಹುಟ್ಟಿದ್ದು ಅದರಿಂದ. ಶರಿಯತ್ತಿಗೆ ಒಪ್ಪುವ ಆಡಳಿತ ಮಶ್ರೂಎ. ಬರೀ ಮಶ್ರೂತೆ ಆಗುವುದಿಲ್ಲ, ಮಶ್ರೂಎ ಬೇಕು ಅಂತ ಹಟ ಹಿಡಿದವರು ಟೆಹರಾನಿನ ಧರ್ಮಪಂಡಿತ ಶೇಖ್ ಫಜ್ಲುಲ್ಲಾ ನೂರಿ. 1908ರ ಜೂನ್‌ನಲ್ಲಿ ಹೊಸ ಷಾ ಮಜ್ಲಿಸ್ ಮೇಲೆ ಫಿರಂಗಿ ಹಾರಿಸಿದಾಗ ನೂರಿ ಷಾನ ಕಡೆ ಇದ್ದರು. 1909ರ ಜುಲೈನಲ್ಲಿ ಚಳವಳಿಗಾರರು ಟೆಹರಾನನ್ನು ಗೆದ್ದು ಅವರನ್ನು ಗಲ್ಲಿಗೇರಿಸಿದರು. ಚಳವಳಿಗಾರರೇ ಗಲ್ಲಿಗೆ ಹಾಕಿದ ಮನುಷ್ಯನ ಮಾತುಗಳನ್ನು ನಾನು ಚಳವಳಿಗಾರರ ದನಿ ಅಂತ ಪುಟಗಟ್ಟಲೆ ಉದ್ಧರಿಸಿದ್ದೆ.

ಅಧ್ಯಾಯ ಪೂರ್ತಿ ಕಿತ್ತು ಹಾಕಬೇಕಾಯಿತು. ಅಷ್ಟರಲ್ಲಿ ಫೆಲೋಶಿಪ್ ಅವಧಿ ಮುಗಿಯಿತು. ಒಂದು ವರ್ಷ ಅಣ್ಣ ಕಳಿಸಿದ ದುಡ್ಡಲ್ಲಿ ಬದುಕಿದೆ. ಆ ವರ್ಷದ ಪಿಎಚ್.ಡಿ. ಸೀಟು ಹೋಯಿತು. ರಜೆಗೆ ಊರಿಗೆ ಬಂದಾಗ ಪಕ್ಕದ ಮನೆಯ ಚಾಚಾ, ಅವರು ರಿಟೈರ್ ಆದ ಉರ್ದು ಮೇಷ್ಟ್ರು, ಎಲ್ಲಾ ಕೇಳಿ ಸುಮ್ಮನೆ ಕೂತರು. ಆಮೇಲೆ, "ಒಂದು ಸಲ ನನ್ನ ಕೇಳಿದ್ದರೆ ಆಗ್ತಿತ್ತಲ್ಲ ಬೇಟಾ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲು ಶರಿಯತ್ ಓದಬೇಕಾ ಅಂದರೆ ಬೇಡ, ಖಂಡಿತ ಬೇಡ. ನೂರಿ ದೊಡ್ಡ ಮುಜ್ತಹಿದ್, ಅಂದರೆ ಧರ್ಮದ ಕಾನೂನು ಬಿಡಿಸಿ ಹೇಳುವ ಅಧಿಕಾರ ಇದ್ದವರು. ಇರಾಕಿನ ನಜಫ್‌ನಲ್ಲಿದ್ದ ಆಖುಂದ್ ಖುರಾಸಾನಿ ಇನ್ನೂ ದೊಡ್ಡ ಮುಜ್ತಹಿದ್. ಇಬ್ಬರೂ ಓದಿದ್ದು ಅವೇ ಗ್ರಂಥಗಳು. ಖುರಾಸಾನಿ ಸಂವಿಧಾನದ ಪರ ನಿಂತರು, ನೂರಿ ವಿರುದ್ಧ ನಿಂತರು. ಹಾಗಿದ್ದ ಮೇಲೆ ಗ್ರಂಥ ಓದಿದರೆ ಉತ್ತರ ಸಿಗುತ್ತದಾ? ಜಗಳ ಇದ್ದದ್ದು ಕಾನೂನು ಮಾಡುವವರು ಯಾರು, ಬೇರೆ ಧರ್ಮದವರೂ ಕಾನೂನಿನ ಮುಂದೆ ಸಮಾನರಾ, ಪತ್ರಿಕೆಗಳಿಗೆ ಎಷ್ಟು ಸ್ವಾತಂತ್ರ್ಯ ಅನ್ನುವುದರಲ್ಲಿ.

1907ರಲ್ಲಿ ಸಂವಿಧಾನಕ್ಕೆ ಸೇರಿಸಿದ ಭಾಗದ ಬಹುಪಾಲು 1831ರ ಬೆಲ್ಜಿಯಂ ಸಂವಿಧಾನ ನೋಡಿ ಬರೆದದ್ದು. ಆದರೆ ನೂರಿಯ ಒತ್ತಾಯದಿಂದ ಅದರಲ್ಲೇ ಎರಡನೇ ವಿಧಿಯೂ ಬಂತು. ಕನಿಷ್ಠ ಐವರು ಮುಜ್ತಹಿದ್‌ಗಳ ಸಮಿತಿ ಪ್ರತಿ ಮಸೂದೆಯೂ ಶರಿಯತ್ತಿಗೆ ಒಪ್ಪುತ್ತದಾ ಅಂತ ನೋಡಬೇಕು ಅಂತ. ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಅದೇ ಕೆಲಸ ಮಾಡುವ 1979ರ ಸಂವಿಧಾನದ ಗಾರ್ಡಿಯನ್ ಕೌನ್ಸಿಲ್‌ನಲ್ಲಿ ಹನ್ನೆರಡು ಜನ. ಆರು ಧರ್ಮಪಂಡಿತರನ್ನು ಸರ್ವೋಚ್ಚ ನಾಯಕ ನೇಮಿಸುತ್ತಾರೆ. ನ್ಯಾಯಾಂಗದ ಮುಖ್ಯಸ್ಥರು ಹೆಸರಿಸಿದ ಕಾನೂನು ತಜ್ಞರಲ್ಲಿ ಉಳಿದ ಆರು ಮಂದಿಯನ್ನು ಮಜ್ಲಿಸ್ ಆರಿಸುತ್ತದೆ. ಇದು ಮಸೂದೆಯನ್ನಷ್ಟೇ ಅಲ್ಲ, ಚುನಾವಣೆಗೆ ನಿಲ್ಲುವವರನ್ನೂ ಸೋಸುತ್ತದೆ. ಐವರಿಂದ ಹನ್ನೆರಡಕ್ಕೆ ಬಂದ ದಾರಿ ಹುಡುಕುವುದೇ ಒಬ್ಬರ ಜೀವಮಾನದ ಕೆಲಸ.

ಇನ್ನೊಂದು ಮಾತು. 'ಇಸ್ಲಾಮಿಕ್ ದೇಶಗಳು' ಅನ್ನುವ ಒಂದೇ ವಿಷಯ ಇಲ್ಲ. ಸೌದಿಯ ಸಲಹಾ ಸಭೆ ಶೂರಾದ 150 ಸದಸ್ಯರನ್ನೂ ರಾಜನೇ ನೇಮಿಸುತ್ತಾರೆ. ಮಲೇಷ್ಯಾದಲ್ಲಿ ಒಂಬತ್ತು ರಾಜಮನೆತನಗಳವರು ತಮ್ಮೊಳಗೇ ಒಬ್ಬರನ್ನು ಐದು ವರ್ಷಕ್ಕೆ ದೇಶದ ರಾಜ ಅಂತ ಆರಿಸುತ್ತಾರೆ. ಟರ್ಕಿ 1924ರಲ್ಲಿ ಖಲೀಫನ ಪದವಿಯನ್ನೇ ತೆಗೆದುಹಾಕಿತು. ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿದರೆ ಏನೂ ಕೈಗೆ ಸಿಗುವುದಿಲ್ಲ. ಒಂದು ದೇಶ ಹಿಡಿಯಿರಿ, ಅದರಲ್ಲೂ ಒಂದು ಸಂಸ್ಥೆ ಹಿಡಿಯಿರಿ.

ಆ ದೇಶ ಇರಾನ್ ಆದರೆ ಫಾರ್ಸಿಗೆ ಹೆದರಬೇಡಿ. ಲಿಂಗದ ಗೊಂದಲ ಇಲ್ಲ, ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಬರುತ್ತದೆ. ಅರ್ಜಿ, ವಕೀಲ, ದಫ್ತರ, ಖಜಾನೆ ಎಲ್ಲ ನಿಮಗೆ ಗೊತ್ತಿರುವ ಪದಗಳೇ. ಆದರೆ ಗೊತ್ತಿರುವ ಪದದಲ್ಲೇ ಎಚ್ಚರ ಬೇಕು. ದೌಲತ್ತು ಅಂದರೆ ನಮಗೆ ದರ್ಪ, ಫಾರ್ಸಿಯಲ್ಲಿ ದೌಲತ್ ಅಂದರೆ ಸರ್ಕಾರ. ಮಿಲ್ಲತ್ ಅಂದರೆ ಇಂದಿನ ಇರಾನಿನಲ್ಲಿ ರಾಷ್ಟ್ರದ ಜನತೆ, ಒಟ್ಟೋಮನ್ ಕಾಲದ ಇತಿಹಾಸದಲ್ಲಿ ಒಂದೊಂದು ಧರ್ಮದ ಸಮುದಾಯ. ಇಂಗ್ಲಿಷ್ ಪುಸ್ತಕಗಳನ್ನು ಓದಿ, ಬಿಡಬೇಡಿ. ಆದರೆ ಮೂಲ ಪದ ಪಕ್ಕದಲ್ಲಿ ಬರೆದುಕೊಳ್ಳದೆ ಒಂದು ಸಾಲೂ ನೋಟ್ಸ್ ಮಾಡಬೇಡಿ.

ದೆಹಲಿಗೆ ಹೋಗುವವರೆಗೂ ಕಾಯಬೇಡಿ. ಕಲಬುರಗಿಯಲ್ಲಿ ಉರ್ದು ಓದಲು ಬರುವವರು ನಿಮ್ಮ ಓಣಿಯಲ್ಲೇ ಇರುತ್ತಾರೆ. ಲಿಪಿ ಹೆಚ್ಚು ಕಡಿಮೆ ಅದೇ. ಈ ವಾರವೇ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ, ತೋಯ್ ಮತ್ತು ಐನ್ ಬರೆಯುವುದನ್ನು ಮೊದಲು ಹೇಳಿಸಿಕೊಳ್ಳಿ. ಯಾವ ದೇಶ ಅಂತ ಗಟ್ಟಿಯಾದ ಮೇಲೆ ಇಲ್ಲೇ ಕೆಳಗೆ ಬರೆಯಿರಿ. ಇರಾನ್ ಆದರೆ ನನ್ನ ನೋಟ್ಸ್ ಎಲ್ಲಾ ಕಳಿಸುತ್ತೇನೆ, ತಿದ್ದಿದ್ದನ್ನು.