ಮಾವಿನ ತೊಗಟೆ ಸೀಳಿ ಅಂಟು ಸೋರುತ್ತಿದ್ದರೆ

ನಿಮ್ಮ 8 ವರ್ಷದ ಬಾದಾಮಿ ಮಾವಿನ ಮರದಲ್ಲಿ ತೊಗಟೆ ಸೀಳಿ ಅಂಟು ಸೋರುವುದು, ಕೊಂಬೆ ತುದಿಯಿಂದ ಕೆಳಕ್ಕೆ ಒಣಗುವುದು, ಎರಡೂ ಒಟ್ಟಿಗೆ ಇವೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹಾಗಾದರೆ ಮರಕ್ಕೆ ಬಂದಿರುವುದು ಬಹುತೇಕ ಲ್ಯಾಸಿಯೋಡಿಪ್ಲೋಡಿಯಾ ಎಂಬ ಶಿಲೀಂಧ್ರ. ಫೋಟೋ ಇಲ್ಲದೆ ಖಚಿತವಾಗಿ ಹೇಳಲಾರೆ. ಅಂಟಿನ ಹತ್ತಿರ ತೂತು, ಮರದ ಹೊಟ್ಟು ಕಂಡರೆ ಅದು ಕಾಂಡ ಕೊರೆಯುವ ಹುಳ. ಅದಕ್ಕೆ ಕೆಳಗೆ ಹೇಳುವ ಮದ್ದು ನಾಟುವುದಿಲ್ಲ.

ತೂತು ಇಲ್ಲ ಅಲ್ವಾ? ಮಳೆ ಇಲ್ಲದ ದಿನ ನೋಡಿ, ಒಣಗಿದ ಕೊಂಬೆಯನ್ನು, ಒಣಗಿದ ಭಾಗ ಮುಗಿಯುವಲ್ಲಿಂದ 3 ಇಂಚು ಕೆಳಗೆ, ಹಸಿರು ಭಾಗವೂ ಸೇರುವಂತೆ ಕತ್ತರಿಸಿ. ಕತ್ತರಿಸಿದ್ದನ್ನು ತೋಟದಲ್ಲೇ ಬಿಡಬೇಡಿ, ಸುಟ್ಟುಬಿಡಿ. ಸೋರುವ ಜಾಗದಲ್ಲಿ ಕಂದು ತೊಗಟೆಯನ್ನು ಚೂಪಾದ ಚಾಕುವಿನಿಂದ ಕೆರೆದು ತೆಗೆಯಿರಿ. ಬಿಳಿ, ಹಸಿ ಭಾಗ ಕಾಣುವವರೆಗೆ ಸಾಕು, ಸುಮ್ನೆ ಆಳಕ್ಕೆ ಹೋಗಬೇಡಿ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಗಾಯಕ್ಕೆ ಅಂದೇ ಬೋರ್ಡೋ ಪೇಸ್ಟ್ ಬಳಿಯಿರಿ. ಅದನ್ನು ಮಾಡಲು 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಕದಡಿ, ಎರಡನ್ನೂ ಬೆರೆಸಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಕಬ್ಬಿಣದ ಮೊಳೆ ಅದ್ದಿದಾಗ ಕೆಂಪಗಾದರೆ ಸುಣ್ಣ ಕಡಿಮೆ ಆಗಿದೆ, ಇನ್ನಷ್ಟು ಹಾಕಿ. ಉಳಿದದ್ದನ್ನು ನಾಳೆಗೆ ಇಡಬೇಡಿ.

ಆಮೇಲೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ 3 ಗ್ರಾಂನಂತೆ ಇಡೀ ಮರಕ್ಕೆ ಸಿಂಪಡಿಸಿ, 15 ದಿನ ಬಿಟ್ಟು ಇನ್ನೊಮ್ಮೆ. ಹೂವು ಬಿಟ್ಟಿದ್ದರೆ ಸಿಂಪಡಣೆ ಮುಂದಕ್ಕೆ ಹಾಕಿ, ಪೇಸ್ಟ್ ಮಾತ್ರ ಈಗಲೇ ಬಳಿಯಿರಿ.