52 ಅಂಕ ಬಂದ ತಂಗಿಗೆ

ತಂಗಿ,

ಅಕ್ಕ ಎಂದು ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಎಂದೇ ಬರೆಯುತ್ತೇನೆ. ಇದೇ ಸಂಕಟದಲ್ಲಿರುವ ಬೇರೆಯವರೂ ಓದಬಹುದಾದ್ದರಿಂದ ನಿನ್ನ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಓದಲು ಬಂದಿದ್ದೀಯ. ಬಿ.ಇ.ಯಲ್ಲಿ 80ಕ್ಕಿಂತ ಕೆಳಗೆ ಇಳಿಯದಿದ್ದ ನಿನಗೆ ಇಲ್ಲಿಯ ಮೊದಲ ಪ್ರಬಂಧಕ್ಕೆ 52 ಬಂದಿದೆ. ವಿವರಣೆಯೇ ಹೆಚ್ಚಾಯಿತು, ವಿಮರ್ಶೆ ಸಾಲದು ಎಂಬ ಒಂದು ಸಾಲಿನ ಟಿಪ್ಪಣಿ ಬಿಟ್ಟರೆ ಬೇರೆ ಏನನ್ನೂ ಉಪನ್ಯಾಸಕರು ಬರೆದಿಲ್ಲ. ಮುಂದಿನದು ಇನ್ನೂ ವಿಚಿತ್ರ: ಗುಂಪಿನ ಕೆಲಸದಲ್ಲಿ ನಿನಗೆ ಏನನ್ನಿಸಿತು, ಏನು ಕಲಿತೆ ಎಂದು 2000 ಪದಗಳಲ್ಲಿ ಬರೆಯಬೇಕು. ಹಣ ಕೊಟ್ಟರೆ ಬರೆದುಕೊಡುವವರ ನಂಬರನ್ನು ಜೊತೆಯ ಹುಡುಗನೊಬ್ಬ ಕಳಿಸಿದ್ದಾನೆ. ಕೊನೆಯಲ್ಲಿ, ನಾನು ದಡ್ಡಿಯೇ ಅಕ್ಕಾ ಎಂದು ಕೇಳಿದ್ದೀಯ.

ಅಲ್ಲ. ನಾನು ಶಿರಸಿ ಕಡೆಯವಳು. ಇಂಗ್ಲೆಂಡಿನಲ್ಲಿ ಓದಿ, ಇಲ್ಲಿಯೇ ನೆಲೆಸಿ, ಈಗ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿದ್ಯಾರ್ಥಿಗಳ ಬರವಣಿಗೆಗೆ ನೆರವಾಗುವ ಕೆಲಸದಲ್ಲಿದ್ದೇನೆ. ನವೆಂಬರ್ ಬಂತೆಂದರೆ ನಿನ್ನಂಥ ಮುಖಗಳು ನನ್ನ ಮೇಜಿನ ಎದುರು ಬಂದು ಕೂರುತ್ತವೆ. ಬುದ್ಧಿಗೆ ಕೊರತೆ ಇರುವ ಮಕ್ಕಳು ಅವರಲ್ಲಿ ಸಿಗುವುದೇ ಇಲ್ಲ. ಆಟದ ನಿಯಮವನ್ನು ಯಾರೂ ಬಿಡಿಸಿ ಹೇಳದ ಕಾರಣ ಕಂಗಾಲಾದವರೇ ಎಲ್ಲ. ಇದರಲ್ಲಿ ಇಲ್ಲಿಯ ವಿಶ್ವವಿದ್ಯಾಲಯಗಳ ತಪ್ಪು ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆ ಅಡವಿಟ್ಟು ಬರುವ ಮಕ್ಕಳಿಂದ ದೊಡ್ಡ ಶುಲ್ಕ ಪಡೆದು, ಬರೆಯುವ ಕ್ರಮವನ್ನು ಮೊದಲ ವಾರದ ಒಂದು ಗಂಟೆಯ ಸ್ಲೈಡುಗಳಲ್ಲಿ ಮುಗಿಸಿಬಿಟ್ಟರೆ ಯಾರಿಗೆ ಅರ್ಥವಾಗಬೇಕು?

ಅಂಕದ ಮಾತನ್ನು ಮೊದಲು ಮುಗಿಸುತ್ತೇನೆ. ಸ್ನಾತಕೋತ್ತರದಲ್ಲಿ ಇಲ್ಲಿ 50 ಬಂದರೆ ಪಾಸು, 60 ಬಂದರೆ ಮೆರಿಟ್, 70 ಬಂದರೆ ಡಿಸ್ಟಿಂಕ್ಷನ್. ಪ್ರಬಂಧಗಳಿಗೆ 80ರ ಮೇಲೆ ಕೊಡುವುದು ಅಪರೂಪ. ನಮ್ಮಲ್ಲಿಯಂತೆ ನೂರರಿಂದ ಕೆಳಗೆ ಎಷ್ಟು ಕಳೆದುಕೊಂಡೆ ಎಂದು ಇಲ್ಲಿ ಎಣಿಸುವುದಿಲ್ಲ. ಆದ್ದರಿಂದ ಈ 52ನ್ನು ಹಾಸನದ 52ರ ಪಕ್ಕದಲ್ಲಿಟ್ಟುಕೊಂಡು ಅಳಬೇಡ. ವಿಷಯ ನಿನಗೆ ತಿಳಿದಿದೆ ಎಂದು ಒಪ್ಪಿಯೇ ಅವರು ಪಾಸು ಮಾಡಿದ್ದಾರೆ. ಸಿಗದೆ ಹೋದದ್ದು ಬೇರೆ, ಅದನ್ನು ಕಲಿಯಬಹುದು.

ಊರಿನ ಕಾಲೇಜಿನಲ್ಲಿ ಅಸೈನ್‌ಮೆಂಟ್ ಬರೆದ ಬಗೆ ನೆನಪಿಸಿಕೊ. ಪಠ್ಯಪುಸ್ತಕದಲ್ಲಿ ಇದ್ದದ್ದನ್ನು ಬಿಳಿ ಹಾಳೆಗೆ ಅಂದವಾಗಿ ಇಳಿಸಿ, ಇಂಟರ್ನಲ್ಸ್ ಅಂಕಕ್ಕಾಗಿ ಕೊಡುತ್ತಿದ್ದೆವು. ಲ್ಯಾಬ್ ರೆಕಾರ್ಡು ಸೀನಿಯರ್‌ಗಳಿಂದ ಬರುತ್ತಿತ್ತು. ಪರೀಕ್ಷೆಯಲ್ಲಿಯೂ ಕೇಳುತ್ತಿದ್ದುದು, ಇದು ನಿನಗೆ ಗೊತ್ತಿದೆಯೇ ಎಂದು. ಆ ಶಿಕ್ಷಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೊಡ್ಡ ಪಠ್ಯಕ್ರಮವನ್ನು ಕಡಿಮೆ ಕಾಲದಲ್ಲಿ ಅರಗಿಸಿಕೊಳ್ಳುವ ನಿನ್ನ ಶಕ್ತಿ ಅಲ್ಲಿಂದಲೇ ಬಂದದ್ದು, ಇಲ್ಲಿ ಅದು ಪ್ರತಿದಿನ ಉಪಯೋಗಕ್ಕೆ ಬರುತ್ತದೆ. ಆದರೆ ಇಲ್ಲಿಯ ಪ್ರಬಂಧ ಕೇಳುವುದು ಬೇರೆ ಪ್ರಶ್ನೆ: ಇದೆಲ್ಲ ಗೊತ್ತಿರುವ ನೀನು ಯಾವ ಪಕ್ಷ ವಹಿಸುತ್ತೀಯ, ಏಕೆ?

ನೀನು ತಾಳಮದ್ದಳೆ ನೋಡಿದ್ದೀಯೋ ಇಲ್ಲವೋ. ನಮ್ಮ ಕಡೆ ಮಳೆಗಾಲದಲ್ಲಿ ರಾತ್ರಿಯಿಡೀ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕುಳಿತು ವಾದಿಸುತ್ತಾರೆ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ರಾಮನನ್ನು ಕೇಳುತ್ತಾನೆ. ಕತೆ ಏನಾಗುತ್ತದೆ ಎಂಬುದು ಸಭೆಯಲ್ಲಿರುವ ಮಗುವಿಗೂ ಗೊತ್ತು. ಜನ ಕಾಯುವುದು, ಈ ರಾಮ ಇಂದು ಹೇಗೆ ಉತ್ತರ ಕೊಡುತ್ತಾನೆ ಎಂಬುದಕ್ಕೆ. ವಾಲಿಯ ಪ್ರಶ್ನೆಯ ತೂಕವನ್ನು ಒಪ್ಪಿಕೊಳ್ಳದೆ ಜಾರಿಕೊಳ್ಳುವ ಅರ್ಥಧಾರಿಗೆ ಚಪ್ಪಾಳೆ ಸಿಗುವುದಿಲ್ಲ. ನಿನ್ನ ಉಪನ್ಯಾಸಕರೂ ಆ ಸಭೆಯಲ್ಲಿ ಕುಳಿತವರು. ಒಂದು ಉದ್ಯಮದ ಪೈಪೋಟಿಯನ್ನು ಅಳೆಯಲು ಪೋರ್ಟರ್ ಹೇಳಿದ, ಹೊಸಬರ ಪ್ರವೇಶವೂ ಸೇರಿದ ಐದು ಶಕ್ತಿಗಳು ಯಾವುವು ಎಂದು ಅವರಿಗೆ ಮತ್ತೆ ಹೇಳುವ ಅಗತ್ಯವಿಲ್ಲ.

ನೀನು ಕಳಿಸಿದ ಪ್ರಬಂಧವನ್ನೇ ತೆಗೆದುಕೊಳ್ಳೋಣ. ಬ್ರಿಟನ್ನಿನ ಸೂಪರ್ ಮಾರ್ಕೆಟ್‌ಗಳ ಪೈಪೋಟಿಯನ್ನು ಪೋರ್ಟರ್ ಚೌಕಟ್ಟಿನಲ್ಲಿ ನೋಡು ಎಂಬುದು ಪ್ರಶ್ನೆ. ಮೈಕೆಲ್ ಪೋರ್ಟರ್ 1979ರಲ್ಲಿ ಏನು ಹೇಳಿದರು ಎಂಬುದಕ್ಕೆ ಎರಡು ಪುಟ ಕೊಟ್ಟಿದ್ದೀಯ. ಆಮೇಲೆ ಜರ್ಮನಿಯ ಅಗ್ಗದ ಸೂಪರ್ ಮಾರ್ಕೆಟ್ ಆಲ್ಡಿ 1990ರಲ್ಲಿ ಬಂತು, ಅಂಥದೇ ಲಿಡಲ್ 1994ರಲ್ಲಿ ಬಂತು, ಆದ್ದರಿಂದ ಹೊಸಬರ ಪ್ರವೇಶದ ಅಪಾಯ ಹೆಚ್ಚು ಎಂದು ಮುಗಿಸಿದ್ದೀಯ. ಇದರಲ್ಲಿ ಸುಳ್ಳು ಒಂದೂ ಇಲ್ಲ, ವಾದವೂ ಇಲ್ಲ. ಅದೇ ಸಂಗತಿಗಳನ್ನು ಸ್ವಲ್ಪ ಕೆದಕಿ ನೋಡು. 1990ರಲ್ಲಿ ಕಾಲಿಟ್ಟ ಆಲ್ಡಿ, ಇಲ್ಲಿಯ ಹಳೆಯ ಮಾರಿಸನ್ಸ್ ಅನ್ನು ಹಿಂದಿಕ್ಕಿ ನಾಲ್ಕನೇ ಸ್ಥಾನಕ್ಕೆ ಬಂದದ್ದು 2022ರಲ್ಲಿ. ಮೂರು ದಶಕ ಬೇಕಾಯಿತು. ಹಾಗಾದರೆ ಪ್ರವೇಶ ಸುಲಭವೋ ಕಷ್ಟವೋ? ಒಳಗೆ ಬರುವುದು ಸುಲಭ, ಬೆಳೆಯುವುದು ಕಷ್ಟ ಎಂದು ನೀನು ವಾದಿಸಬಹುದು. ಅಥವಾ, ಕಡಿಮೆ ಬಗೆಯ ಸಾಮಾನು, ಬಹುಪಾಲು ಸ್ವಂತ ಬ್ರ್ಯಾಂಡು ಎಂಬ ಬೇರೆಯದೇ ದಾರಿಯಿಂದ ಬಂದವರಿಗೆ ಹಳಬರ ಕೋಟೆ ಅಡ್ಡಿಯೇ ಆಗಲಿಲ್ಲ, ಕಾಲ ಹಿಡಿದದ್ದು ಗಿರಾಕಿಗಳ ಅಭ್ಯಾಸ ಬದಲಾಗಲು ಎಂದೂ ವಾದಿಸಬಹುದು. ಯಾವುದನ್ನಾದರೂ ಹಿಡಿ. ಹಿಡಿದದ್ದಕ್ಕೆ ಆಧಾರ ಕೊಡು, ಬಿಟ್ಟದ್ದನ್ನು ಏಕೆ ಬಿಟ್ಟೆ ಎಂದು ಹೇಳು. ಆ ಚೌಕಟ್ಟನ್ನೇ ಪ್ರಶ್ನಿಸಿದವರೂ ಇದ್ದಾರೆ. ಪೈಪೋಟಿಯನ್ನಷ್ಟೇ ನೋಡಿದರೆ ಸಾಲದು, ಸಹಕಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು 1996ರಲ್ಲಿ ಬ್ರಾಂಡನ್‌ಬರ್ಗರ್ ಮತ್ತು ನೇಲ್‌ಬಫ್ ವಾದಿಸಿದರು. ಅವರನ್ನು ಒಂದು ಪ್ಯಾರಾದಲ್ಲಿ ಕರೆತಂದು ಪೋರ್ಟರ್ ಎದುರು ಕೂರಿಸು. ವಿಮರ್ಶೆ ಸಾಲದು ಎಂದವರು ಕೇಳಿದ್ದು ಇದನ್ನೇ. ವಿಮರ್ಶೆ ಎಂದ ಕೂಡಲೇ ದೊಡ್ಡವರಲ್ಲಿ ತಪ್ಪು ಹುಡುಕುವ ಉದ್ಧಟತನ ಎಂದು ನಮ್ಮ ಮನಸ್ಸು ಹಿಂಜರಿಯುತ್ತದೆ, ನನಗೆ ಅದು ಚೆನ್ನಾಗಿ ಗೊತ್ತು. ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳಬಹುದು.

ಎದುರು ವಾದ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀಯ. ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಲೇಖನದ ಕೆಳಗೆ, ಅದನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬುದರ ಕೊಂಡಿ ಇರುತ್ತದೆ. ಒಪ್ಪಿದವರೂ ಜಗಳವಾಡಿದವರೂ ಅಲ್ಲಿಯೇ ಸಿಗುತ್ತಾರೆ. ಲೇಖನವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಲು ಹೋಗಬೇಡ. ಸಾರಾಂಶ, ಪೀಠಿಕೆ, ಸಮಾರೋಪ ಓದಿ, ಇವರು ಯಾರಿಗೆ ಉತ್ತರ ಕೊಡುತ್ತಿದ್ದಾರೆ ಎಂದು ಒಂದು ವಾಕ್ಯ ಬರೆದಿಟ್ಟುಕೊ, ಬೇಕಾದರೆ ಕನ್ನಡದಲ್ಲಿಯೇ. ಕನ್ನಡದಲ್ಲಿ ಟಿಪ್ಪಣಿ ಮಾಡುವವರು ಮೂಲದ ಇಂಗ್ಲಿಷ್ ವಾಕ್ಯವನ್ನು ಅರಿವಿಲ್ಲದೆ ನಕಲು ಮಾಡುವುದು ಕಡಿಮೆ ಎಂದು ನಾನು ಗಮನಿಸಿದ್ದೇನೆ.

ಇದಕ್ಕೆಲ್ಲ ಸಮಯ ಬೇಕು. ವಾರಕ್ಕೆ ಎಂಟು ಹತ್ತು ಗಂಟೆ ಮಾತ್ರ ತರಗತಿ, ಉಳಿದದ್ದು ಬಿಡುವು ಎಂದು ಬಂದವರೆಲ್ಲ ಭಾವಿಸುತ್ತಾರೆ. ಇಲ್ಲಿ ಒಂದು ಕ್ರೆಡಿಟ್‌ಗೆ 10 ಗಂಟೆಯ ದುಡಿಮೆ ಎಂಬ ಲೆಕ್ಕವಿದೆ. 20 ಕ್ರೆಡಿಟ್‌ನ ಒಂದು ವಿಷಯಕ್ಕೆ 200 ಗಂಟೆ, ಇಡೀ ಕೋರ್ಸಿಗೆ 180 ಕ್ರೆಡಿಟ್. ಖಾಲಿ ಕಾಣುವ ಆ ದಿನಗಳು ಓದಿಗೆ ಸಲ್ಲಬೇಕಾದವು. ವೀಸಾ ನಿಯಮದಂತೆ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ ಪ್ರಬಂಧ ಕೊಡುವ ವಾರದಲ್ಲಿಯೂ ಅಷ್ಟೂ ಗಂಟೆ ಗೋದಾಮಿನಲ್ಲಿ ನಿಂತರೆ ದೇಹ ಕೇಳುವುದಿಲ್ಲ. ಆ ವಾರ ಪಾಳಿ ಕಡಿಮೆ ಮಾಡಿಸಿಕೊ.

ಇನ್ನು ಆ ಅನುಭವದ ಪ್ರಬಂಧ. ನಮ್ಮ ಎಂಜಿನಿಯರ್ ಮಕ್ಕಳಿಗೆ ಇದರಷ್ಟು ಸಿಟ್ಟು ಬರಿಸುವುದು ಬೇರೊಂದಿಲ್ಲ. ನಿನ್ನ ಕರಡಿನಲ್ಲಿ, ಗುಂಪಿನಲ್ಲಿ ಒಗ್ಗಟ್ಟು ಕಲಿತೆ, ಸಮಯಪಾಲನೆ ಕಲಿತೆ, ಸಂವಹನ ಕಲಿತೆ ಎಂದಿದೆ. ಇದು ಸಂದರ್ಶನದ ಉತ್ತರವಾಯಿತು. ಆದರೆ ನನಗೆ ಬರೆದ ಪತ್ರದಲ್ಲಿ ಇನ್ನೊಂದು ಸಂಗತಿ ಹೇಳಿದ್ದೀಯ: ಗುಂಪಿನ ಸಭೆಯಲ್ಲಿ ವೆಚ್ಚದ ಲೆಕ್ಕ ತಪ್ಪಿರುವುದು ನಿನಗೆ ಕಂಡಿತು, ಲೆಕ್ಕ ಮಾಡಿದವನು ವಯಸ್ಸಿನಲ್ಲಿ ಹಿರಿಯ, ಚೆನ್ನಾಗಿ ಮಾತನಾಡುವವನು, ಹಾಗಾಗಿ ನೀನು ಸುಮ್ಮನಿದ್ದೆ, ರಾತ್ರಿ ಒಬ್ಬಳೇ ಕುಳಿತು ಸರಿಪಡಿಸಿದೆ. ನಿನ್ನ ಪ್ರಬಂಧ ಅದೇ! ಬೇರೇನೂ ಬೇಡ. ಏಕೆ ಸುಮ್ಮನಿದ್ದೆ? ಇಂಗ್ಲಿಷ್ ತಡವರಿಸುತ್ತದೆ ಎಂದೇ, ಹಿರಿಯರಿಗೆ ಎದುರಾಡಬಾರದು ಎಂದೇ, ತಪ್ಪು ನನ್ನದೇ ಇರಬಹುದು ಎಂಬ ಅಳುಕೇ? ತಂಡದಲ್ಲಿ ತಪ್ಪನ್ನು ಭಯವಿಲ್ಲದೆ ಹೇಳುವ ವಾತಾವರಣ ಇರಬೇಕು ಎಂಬುದರ ಮೇಲೆ ಏಮಿ ಎಡ್ಮಂಡ್‌ಸನ್ 1999ರಲ್ಲಿ ಬರೆದ ಪ್ರಸಿದ್ಧ ಸಂಶೋಧನಾ ಲೇಖನವಿದೆ, ಅದನ್ನು ಓದು. ನಿನ್ನ ಆ ಸಂಜೆಯನ್ನು ಅದರ ಬೆಳಕಿನಲ್ಲಿ ನೋಡು. ಮುಂದಿನ ಸಭೆಯಲ್ಲಿ ಬೇರೆ ಏನು ಮಾಡುವೆ ಎಂದು ಖಚಿತವಾಗಿ ಬರೆ. ಅನುಭವದಿಂದ ಕಲಿಯಲು ಗಿಬ್ಸ್ 1988ರಲ್ಲಿ ಕೊಟ್ಟ ಚಕ್ರ ಅಂತ ನಿನ್ನ ಪ್ರಶ್ನೆಪತ್ರದಲ್ಲಿ ಇದೆಯಲ್ಲ, ಅದೂ ಇದೇ ಕ್ರಮ: ನಡೆದದ್ದು, ಅನ್ನಿಸಿದ್ದು, ಒಳಿತು ಕೆಡುಕು, ಕಾರಣ, ತೀರ್ಮಾನ, ಮುಂದಿನ ಹೆಜ್ಜೆ. ನಡೆದದ್ದಕ್ಕೆ ಕಡಿಮೆ ಜಾಗ, ಕಾರಣಕ್ಕೆ ಹೆಚ್ಚು ಜಾಗ. ಜೊತೆಯವರ ಮೇಲಿನ ದೂರಿನ ಪಟ್ಟಿ ಮಾಡಬೇಡ, ಹೇಳಲು ಇಷ್ಟವಿಲ್ಲದ ಖಾಸಗಿ ನೋವನ್ನೂ ಯಾರೂ ಕೇಳುತ್ತಿಲ್ಲ.

ಆ ಫೋನ್ ನಂಬರನ್ನು ಅಳಿಸಿಬಿಡು. ಹಣಕ್ಕೆ ಪ್ರಬಂಧ ಬರೆದುಕೊಡುವುದು, ಅದಕ್ಕೆ ಜಾಹೀರಾತು ಕೊಡುವುದು ಇಂಗ್ಲೆಂಡಿನಲ್ಲಿ 2022ರ ಕಾಯ್ದೆಯಂತೆ ಅಪರಾಧ. ವಿಶ್ವವಿದ್ಯಾಲಯಕ್ಕೆ ತಿಳಿಸುತ್ತೇವೆ ಎಂದು ಬೆದರಿಸಿ, ಬರೆಸಿಕೊಂಡವರಿಂದಲೇ ಮತ್ತೆ ಹಣ ಕೀಳುವ ಪ್ರಕರಣಗಳೂ ಇವೆ. ಸಿಕ್ಕಿಬಿದ್ದು ಕೋರ್ಸಿನಿಂದ ಹೊರಬಿದ್ದರೆ ವೀಸಾ ಕೂಡ ಹೋಗುತ್ತದೆ. ಇದಕ್ಕಿಂತ ನನಗೆ ಹೆಚ್ಚು ಚಿಂತೆ ತರುವುದು ಮುಗ್ಧವಾಗಿ ಆಗುವ ಅನಾಹುತ. ಸ್ನೇಹಿತೆಗೆ ಜ್ವರ, ಒಮ್ಮೆ ನೋಡಿ ಕೊಡುತ್ತೇನೆ ಎಂದಳು, ವಾಟ್ಸಾಪ್‌ನಲ್ಲಿ ಕಡತ ಹೋಯಿತು, ಎರಡು ಪ್ರಬಂಧಗಳೂ ಹೋಲುತ್ತವೆ ಎಂದು ಹೋಲಿಕೆ ಹುಡುಕುವ ತಂತ್ರಾಂಶ ಟರ್ನಿಟಿನ್ ತೋರಿಸಿತು. ಕೊಟ್ಟವಳೂ ವಿಚಾರಣೆಗೆ ಹೋಗಬೇಕು. ಊರಿನಲ್ಲಿ ಸಹಾಯ ಎನ್ನಿಸಿಕೊಳ್ಳುವುದು ಇಲ್ಲಿ ಶಿಕ್ಷೆಗೆ ಗುರಿಯಾಗುತ್ತದೆ. ವಿಷಯವನ್ನು ಚರ್ಚಿಸು, ಬರೆದದ್ದನ್ನು ಕೊಡಬೇಡ. ಟರ್ನಿಟಿನ್‌ನ ಶೇಕಡಾವಾರು ಕಂಡು ನಿದ್ದೆಗೆಡಬೇಡ, ಆಕರಗಳ ಪಟ್ಟಿ ಮತ್ತು ಉದ್ಧರಣೆಗಳೂ ಆ ಸಂಖ್ಯೆಯನ್ನು ಏರಿಸುತ್ತವೆ. ಚಾಟ್‌ಜಿಪಿಟಿಯ ವಿಷಯದಲ್ಲಿ ಪ್ರತಿ ಪ್ರಬಂಧಕ್ಕೂ ಬೇರೆ ನಿಯಮ ಇರಬಹುದು. ಕೆಲವು ವಿಶ್ವವಿದ್ಯಾಲಯಗಳು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಿ ಹೇಳುತ್ತವೆ. ಪ್ರಶ್ನೆಪತ್ರದಲ್ಲಿ ಸ್ಪಷ್ಟವಿಲ್ಲದಿದ್ದರೆ ಕೇಳಿ ತಿಳಿದುಕೊ.

ಮರುಮೌಲ್ಯಮಾಪನಕ್ಕೆ ಹಾಕಲೇ ಎಂದು ಕೇಳಿದ್ದೀಯ. ವಿಟಿಯುನಲ್ಲಿ ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿ, ಶುಲ್ಕ ಕಟ್ಟಿ ಹಾಕುತ್ತಿದ್ದೆವು. ಇಲ್ಲಿ ಅದಿಲ್ಲ. ಅಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಮೇಲ್ಮನವಿ ನಿಲ್ಲುವುದಿಲ್ಲ. ಕ್ರಮ ತಪ್ಪಿದ್ದರೆ, ನೀನು ಕೊಟ್ಟ ವೈದ್ಯಕೀಯ ದಾಖಲೆಯನ್ನು ನೋಡದೆ ಹೋಗಿದ್ದರೆ ಮಾತ್ರ ದಾರಿ ಇದೆ. ಇಲ್ಲಿ ಇರುವುದು ಅದಕ್ಕಿಂತ ಒಳ್ಳೆಯದು, ಯಾರೂ ಬಳಸುವುದಿಲ್ಲ ಅಷ್ಟೇ: ಪ್ರತಿ ಉಪನ್ಯಾಸಕರೂ ವಾರಕ್ಕೊಮ್ಮೆ ವಿದ್ಯಾರ್ಥಿಗಳಿಗಾಗಿ ಒಂದೆರಡು ಗಂಟೆ ಕೋಣೆಯಲ್ಲಿ ಕುಳಿತಿರುತ್ತಾರೆ. ಅನೇಕ ವಾರ ಒಬ್ಬರೂ ಬರುವುದಿಲ್ಲ. ನಮ್ಮ ಮಕ್ಕಳಂತೂ ಹೋಗುವುದೇ ಇಲ್ಲ. ಹೋದರೆ ದಡ್ಡಿ ಎಂದುಕೊಂಡಾರು ಎಂಬ ಭಯ, ಅವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳದ ಸಂಕೋಚ. ಹೋಗು. ಅಂಕ ಏಕೆ ಕಡಿಮೆ ಎಂದು ಕೇಳಬೇಡ. ನಿನ್ನ ಪ್ರಬಂಧದ ಒಂದು ಪ್ಯಾರಾ ತೋರಿಸಿ, ಇದನ್ನು ವಿಮರ್ಶೆಯಾಗಿಸಲು ಏನು ಸೇರಿಸಬೇಕಿತ್ತು ಎಂದು ಕೇಳು. ಮೌಲ್ಯಮಾಪನದ ಮಾನದಂಡಗಳ ಹಾಳೆಯನ್ನು ಜೊತೆಗೆ ಒಯ್ದು, 52 ಮತ್ತು 65ರ ನಡುವಿನ ವ್ಯತ್ಯಾಸವನ್ನು ಅದರಲ್ಲಿ ತೋರಿಸಲು ಕೇಳಿಕೊ. ಕಾಯಿಲೆ, ಮನೆಯಲ್ಲಿ ಸಾವುನೋವು ಏನಾದರೂ ಇದ್ದರೆ ಹೆಚ್ಚಿನ ಸಮಯ ಕೇಳಿ ಕೊನೆಯ ದಿನಾಂಕಕ್ಕೆ ಮುಂಚೆಯೇ ಅರ್ಜಿ ಹಾಕು. ಮುಗಿದ ಮೇಲೆ ಹೇಳಿದರೆ ಯಾರೂ ಸುಲಭವಾಗಿ ಕೇಳುವುದಿಲ್ಲ.

ಅಪ್ಪನಿಗೆ 52 ಎಂದು ಹೇಗೆ ಹೇಳಲಿ ಎಂದಿದ್ದೀಯ. 50 ಪಾಸು, 70 ಅತ್ಯುನ್ನತ ದರ್ಜೆ ಎಂದು ಮೊದಲು ವಿವರಿಸಿ, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಸಾಲ ಮಾಡಿ ಕಳಿಸಿದವರಿಂದ ಮುಚ್ಚಿಟ್ಟರೆ ಫೋನ್ ಮಾಡುವುದೇ ನಿನಗೆ ಭಾರವಾಗುತ್ತದೆ, ಆಗ ಈ ಊರಿನ ಚಳಿಗಾಲ ಇನ್ನೂ ಉದ್ದವಾಗುತ್ತದೆ.

ಭಾನುವಾರ ಸಂಜೆ ನನಗೆ ಬಿಡುವಿರುತ್ತದೆ. ಎರಡನೇ ಪ್ರಬಂಧದ ಯೋಜನೆಯನ್ನು ಒಂದು ಪುಟದಲ್ಲಿ ಬರೆದು ಕಳಿಸು: ಆ ಸಭೆ, ನಿನ್ನ ಮೌನ, ಅದಕ್ಕೆ ನೀನು ಕೊಡುವ ಕಾರಣ, ನೀನು ಓದಿದ ಎರಡು ಮೂರು ಲೇಖನ. ಫೋನಿನಲ್ಲಿ ಮಾತನಾಡೋಣ, ಕನ್ನಡದಲ್ಲಿಯೇ. ಪೂರ್ತಿ ಬರೆದ ಪ್ರಬಂಧವನ್ನು ಮಾತ್ರ ಕಳಿಸಬೇಡ, ನಾನು ತಿದ್ದುವುದಿಲ್ಲ. ಹೊರಗಿನವರು ಎಷ್ಟರಮಟ್ಟಿಗೆ ಕೈ ಹಾಕಬಹುದು ಎಂಬುದಕ್ಕೆ ನಿನ್ನ ವಿಶ್ವವಿದ್ಯಾಲಯದಲ್ಲಿ ನಿಯಮವಿರುತ್ತದೆ, ಅದನ್ನು ಇಬ್ಬರೂ ಪಾಲಿಸೋಣ. ಅದಕ್ಕೂ ಮೊದಲು, ಆ ಉಪನ್ಯಾಸಕರ ಭೇಟಿಯ ಸಮಯ ಯಾವಾಗ ಎಂದು ನೋಡಿ ಇಂದೇ ಅವರಿಗೆ ಇಮೇಲ್ ಬರೆ.