ಕರ್ಕ್ಯುಮಿನ್ ರಕ್ತದಲ್ಲಿ ಏಕೆ ಉಳಿಯುವುದಿಲ್ಲ?

ಪ್ರಶ್ನೆ: ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದು ಓದಿದ್ದೇನೆ. ಆದರೂ ಅದು ಔಷಧವಾಗಿ ಏಕೆ ಬಂದಿಲ್ಲ? ಅಣುವಿನ ರಚನೆಯನ್ನು ತುಸು ಬದಲಿಸಿದರೆ, ಇಲ್ಲವೇ ಕರಿಮೆಣಸಿನೊಂದಿಗೆ ಸೇವಿಸಿದರೆ ಸಾಲದೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪ್ರಯೋಗಾಲಯದ ತಟ್ಟೆಯಲ್ಲಿ ಕರುಳೂ ಇಲ್ಲ, ಯಕೃತ್ತೂ ಇಲ್ಲ, ತೊಡಕು ಇರುವುದೇ ಅಲ್ಲಿ. ಕರ್ಕ್ಯುಮಿನ್ ಅಣುವಿನ ಎರಡೂ ತುದಿಗಳಲ್ಲಿ ಒಂದೊಂದು ಬೆಂಜೀನ್ ಉಂಗುರವಿದ್ದು, ಪ್ರತಿ ಉಂಗುರಕ್ಕೂ ಒಂದು ಹೈಡ್ರಾಕ್ಸಿಲ್ ಮತ್ತು ಅದರ ಪಕ್ಕದಲ್ಲೇ ಒಂದು ಮೀಥಾಕ್ಸಿ ಗುಂಪು ಅಂಟಿಕೊಂಡಿದೆ. ಈ ಅಣು ಕರುಳಿನ ಗೋಡೆಯನ್ನೂ ಯಕೃತ್ತನ್ನೂ ದಾಟುವಷ್ಟರಲ್ಲಿ ಅಲ್ಲಿನ ಕಿಣ್ವಗಳು ಆ ಹೈಡ್ರಾಕ್ಸಿಲ್‌ಗಳಿಗೆ ಗ್ಲುಕುರಾನಿಕ್ ಆಮ್ಲವನ್ನೋ ಸಲ್ಫೇಟನ್ನೋ ಜೋಡಿಸಿ, ನೀರಿನಲ್ಲಿ ಸುಲಭವಾಗಿ ಕರಗಿ ಹೊರಹೋಗುವ ರೂಪಕ್ಕೆ ತರುತ್ತವೆ. ನಡುವಿನ ಸರಪಳಿಯ ದ್ವಿಬಂಧಗಳಿಗೆ ಬೇರೆ ಕಿಣ್ವಗಳು ಹೈಡ್ರೋಜನ್ ಸೇರಿಸುತ್ತವೆ. ಹೀಗಾಗಿ ಗ್ರಾಂಗಟ್ಟಲೆ ನುಂಗಿದರೂ ರಕ್ತದಲ್ಲಿ ಮೂಲರೂಪದ ಕರ್ಕ್ಯುಮಿನ್ ಸಿಗುವುದು ಅತ್ಯಲ್ಪ.

ಹೈಡ್ರಾಕ್ಸಿಲ್‌ಗಳನ್ನು ಮೀಥೈಲ್‌ನಿಂದ ಮುಚ್ಚಬಹುದಲ್ಲ ಎಂದು ನೀವು ಕೇಳಬಹುದು. ಮುಚ್ಚಿದರೆ ಗ್ಲುಕುರಾನಿಕ್ ಆಮ್ಲ ಕೂರಲು ಜಾಗವಿಲ್ಲ, ನಿಜ; ಆದರೆ ಸೈಟೋಕ್ರೋಮ್ ಪಿ450 ಗುಂಪಿನ ಕಿಣ್ವಗಳು ಆ ಮೀಥೈಲನ್ನೇ ಕಿತ್ತು ಹೈಡ್ರಾಕ್ಸಿಲನ್ನು ಮತ್ತೆ ಬಯಲಿಗೆ ತರಬಲ್ಲವು. ಸರಪಳಿಯ ದ್ವಿಬಂಧಗಳಂತೂ ಹಾಗೆಯೇ ಉಳಿದಿರುತ್ತವೆ.

ಇದಕ್ಕಿಂತ ಜಾಣತನದ ಬದಲಾವಣೆಯೊಂದನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ರೂಪುಗೊಂಡ ಬೆಂಜೋಥಯಜೋಲ್ ಎಂಬ ಕ್ಯಾನ್ಸರ್ ವಿರೋಧಿ ಸಂಯುಕ್ತಗಳಲ್ಲಿ ಕಾಣಬಹುದು. ಅವುಗಳಲ್ಲೊಂದರ 6ನೆಯ ಇಂಗಾಲಕ್ಕೆ ಪಿ450 ಗುಂಪಿನದೇ ಆದ ಸಿವೈಪಿ1ಎ1 ಎಂಬ ಕಿಣ್ವ ಹೈಡ್ರಾಕ್ಸಿಲ್ ಸೇರಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತಿತ್ತು. ಪಕ್ಕದ 5ನೆಯ ಸ್ಥಾನದಲ್ಲಿ ಒಂದೇ ಒಂದು ಫ್ಲೋರಿನ್ ಪರಮಾಣುವನ್ನು ಇಟ್ಟಾಗ ಆ ದಾರಿ ಮುಚ್ಚಿತು. ಸ್ವಾರಸ್ಯವೆಂದರೆ, ಗೆಡ್ಡೆಯ ಕೋಶಗಳೊಳಗೆ ಈ ಅಣುವನ್ನು ಡಿಎನ್‌ಎಗೆ ಅಂಟಿಕೊಳ್ಳುವ ಮಾರಕ ರೂಪಕ್ಕೆ ತರುವುದೂ ಅದೇ ಕಿಣ್ವ. ಆದ್ದರಿಂದ ಕಿಣ್ವವನ್ನೇ ತಡೆದಿದ್ದರೆ ಔಷಧದ ಗುಣವೂ ಹೋಗುತ್ತಿತ್ತು.

ಕರಿಮೆಣಸಿನ ಪೈಪರಿನ್ ಮಾಡುವುದು ಕಿಣ್ವವನ್ನು, ಅಂದರೆ ಕರ್ಕ್ಯುಮಿನ್‌ಗೆ ಗ್ಲುಕುರಾನಿಕ್ ಆಮ್ಲ ಜೋಡಿಸುವ ಕಿಣ್ವವನ್ನು, ತಡೆಯುವ ಕೆಲಸವನ್ನೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಅದರ ಲಭ್ಯತೆ ಶೇ 2000ರಷ್ಟು ಹೆಚ್ಚಿತು. ಜಾಹೀರಾತುಗಳಿಗೆ ಬಲು ಪ್ರಿಯವಾದ ಈ ಅಂಕಿ, ಬಹುತೇಕ ಶೂನ್ಯದಿಂದ ಎಣಿಸಿದ ಏರಿಕೆ ಎಂಬುದನ್ನು ಮರೆಯಬಾರದು. ಪೈಪರಿನ್ ಸಿವೈಪಿ3ಎ4 ಕಿಣ್ವವನ್ನೂ ತಡೆಯುತ್ತದೆ. ಡೋಸಿಟ್ಯಾಕ್ಸೆಲ್‌ನಂತಹ ಕೀಮೋಥೆರಪಿ ಔಷಧಗಳು ದೇಹದಲ್ಲಿ ಒಡೆಯುವುದು ಈ ಕಿಣ್ವದಿಂದಲೇ. ಚಿಕಿತ್ಸೆಯಲ್ಲಿರುವವರು ಪೈಪರಿನ್ ಬೆರೆಸಿದ ಕರ್ಕ್ಯುಮಿನ್ ಮಾತ್ರೆಗಳನ್ನು ತಮ್ಮ ವೈದ್ಯರಿಗೆ ತಿಳಿಸದೆ ಸೇವಿಸಕೂಡದು. ಊಟದ ಸಾರಿನಲ್ಲಿರುವ ಮೆಣಸಿನ ಬಗ್ಗೆ ನಾನು ಈ ಮಾತು ಹೇಳುತ್ತಿಲ್ಲ.